ಬೆನ್ನಿಗೆ ಚೀಲ, ಎದುರಿಗೆ ಗುಡ್ಡ: ಬನ್ನೂರಿನಿಂದ ಮೈಕಾಲಕ್ಕೆ ಜೋಡಿ ನಡಿಗೆ

ಮಂಗಳೂರು ಬಂದರಿನ ಊರು ಅಂತ ಎಲ್ಲರಿಗೂ ಗೊತ್ತು. ಅದು ಗುಡ್ಡಗಳ ಊರು ಅನ್ನುವುದು ಮಾತ್ರ ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ. ಬೆನ್ನಿಗೆ ಚೀಲ ಹಾಕಿಕೊಂಡು ನಡೆದವರ ಮೊಣಕಾಲಿಗೆ ಗೊತ್ತಾಗುತ್ತದೆ. ಈ ಪುಟ ಓದುವ ನಿಮಗೆ ನಿಮ್ಮೂರಿನ ಏರು-ತಗ್ಗು ಹೊಸದಲ್ಲ. ಆದರೆ ಕಾವೇರಿ ಬಯಲಿನ ಬನ್ನೂರಿನಿಂದ ಬಂದ ಗಂಡ-ಹೆಂಡತಿ ಇಬ್ಬರಿಗೆ ಅದು ಹೇಗೆ ಕಂಡಿತು ಅನ್ನುವುದನ್ನು ಹೇಳಬಹುದು ಅನಿಸಿತು.

ನಮ್ಮೂರು ಬನ್ನೂರು, ತಿ.ನರಸೀಪುರ ತಾಲೂಕು. ಗದ್ದೆ, ಕಬ್ಬು, ನಾಲೆ, ಮತ್ತೆ ದೇಶಕ್ಕೆಲ್ಲ ಗೊತ್ತಿರುವ ಬನ್ನೂರು ಕುರಿ. ಅಲ್ಲಿ ಏರು ಅಂದರೆ ನಾಲೆ ಏರಿ ಅಷ್ಟೇ. ನಮ್ಮ ಕಡೆಯಿಂದ ಮಂಗಳೂರಿಗೆ ಬರುವವರು ಹೆಚ್ಚಾಗಿ ಎರಡು ಕಾರಣಕ್ಕೆ ಬರುತ್ತಾರೆ: ಒಂದು ಆಸ್ಪತ್ರೆ, ಇನ್ನೊಂದು ಕಾಲೇಜು. ಮದುವೆಯಾಗಿ ಇಪ್ಪತ್ತೊಂದು ವರ್ಷ ಆದ ಜೋಡಿ ಇಬ್ಬರೇ ಚೀಲ ಹೊತ್ತುಕೊಂಡು ಊರು ನೋಡಲು ಹೋಗುವುದು ನಮ್ಮ ಬೀದಿಯಲ್ಲಿ ಕೇಳಿದ ಮಾತಲ್ಲ. ಹೊರಡುವ ಹಿಂದಿನ ದಿನ ಪಕ್ಕದ ಮನೆಯವರು, 'ಯಾರಿಗೆ ಹುಷಾರಿಲ್ಲ?' ಅಂತ ವಿಚಾರಿಸಿದರು. ಯಾರಿಗೂ ಏನೂ ಆಗಿಲ್ಲ, ಸುಮ್ನೆ ಹೋಗ್ತಿದ್ದೀವಿ ಅಂದರೆ ನಂಬಲಿಲ್ಲ.

ಸುಮ್ಮನೆ ಅನ್ನುವುದೂ ಪೂರ್ತಿ ನಿಜವಲ್ಲ. ನಮ್ಮ ಮಗಳು ಎರಡನೇ ಪಿಯುಸಿ. ಸಿಇಟಿ ಬರೆದು ಮಂಗಳೂರಿನ ಮೀನುಗಾರಿಕೆ ಕಾಲೇಜಿಗೆ ಸೇರುತ್ತೇನೆ ಅಂತ ವರ್ಷದಿಂದ ಹಟ ಹಿಡಿದಿದ್ದಾಳೆ. ಮನೆಯ ಹಿರಿಯರು ಒಪ್ಪಲಿಲ್ಲ. ಮೀನು ಓದುವುದೇನು ಅನ್ನುವುದು ಸಣ್ಣ ತಕರಾರು. ದೊಡ್ಡ ತಕರಾರು ಊರಿನ ಹೆಸರಿನ ಮೇಲೆ. 2009ರ ಪಬ್ ದಾಳಿ, 2012ರ ಪಡೀಲು ಹೋಮ್‌ಸ್ಟೇ ದಾಳಿ, ಆಗಾಗ ಟಿವಿಯಲ್ಲಿ ಕಾಣುವ ಬಂದ್, ನಿಷೇಧಾಜ್ಞೆ. ನಮ್ಮ ಕಡೆ ಮಂಗಳೂರು ಅಂದರೆ ಇಷ್ಟೇ ಕೇಳಿಸುವುದು. 'ಅಲ್ಲಿ ಹೆಣ್ಣು ಮಗು ಒಂದೇ ಹೆಂಗೆ ಇರ್ತದೆ?' ಅನ್ನುವ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಟಿವಿ ನೋಡಿ ಉತ್ತರ ಹೇಳುವುದಕ್ಕಿಂತ ನಾಲ್ಕು ದಿನ ಆ ಊರಿನ ರಸ್ತೆಯಲ್ಲಿ ನಡೆದು ಬರೋಣ, ಕಾರಿನಲ್ಲಿ ಬೇಡ, ಅವಳು ಹೇಗೆ ಓಡಾಡುತ್ತಾಳೋ ಹಾಗೇ ಓಡಾಡೋಣ ಅಂತ ತೀರ್ಮಾನಿಸಿದೆವು. ಅಂಗಡಿಯನ್ನು ಭಾವನಿಗೆ ವಹಿಸಿ ಡಿಸೆಂಬರಿನ ಒಂದು ಬೆಳಗ್ಗೆ ಹೊರಟೆವು.

ದಂಡು ನಡೆದ ದಾರಿ

ಬನ್ನೂರಿನಿಂದ ಮೈಸೂರು, ಅಲ್ಲಿಂದ ಹುಣಸೂರು, ಕುಶಾಲನಗರ, ಮಡಿಕೇರಿ, ಸುಳ್ಯ, ಪುತ್ತೂರು. ಸರ್ಕಾರಿ ಕೆಂಪು ಬಸ್ಸು ಹಿಡಿದರೆ ಒಂದು ಲಾಭವಿದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹೆಂಡತಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಸಾಕು. ರಾಜಹಂಸ, ಐರಾವತಕ್ಕೆ ಇದು ನಡೆಯುವುದಿಲ್ಲ. ಜೋಡಿಯಾಗಿ ಹೋಗುವವರಿಗೆ ದಾರಿ ಖರ್ಚು ಅರ್ಧಕ್ಕರ್ಧ ಇಳಿಯಿತು ಅಂತಲೇ ಲೆಕ್ಕ. ಮಂಗಳೂರು ನಗರದೊಳಗೆ ಓಡುವುದು ಹೆಚ್ಚಾಗಿ ಖಾಸಗಿ ಸಿಟಿ ಬಸ್ಸುಗಳಾದ್ದರಿಂದ ಅಲ್ಲಿ ಇಬ್ಬರೂ ದುಡ್ಡು ಕೊಡಬೇಕು.

ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವಾಗ ಹವೆಯೇ ಬದಲಾಗುತ್ತದೆ. ಸ್ವೆಟರ್ ಚೀಲ ಸೇರಿತು, ಕಿಟಕಿ ತೆರೆಯಿತು. ಹಳೇ ಮೈಸೂರಿನವರಿಗೆ ಈ ಘಟ್ಟದ ದಾರಿಗಳು ಹೊಸತೇನಲ್ಲ. ನಮ್ಮೂರಿಗೆ ಹತ್ತಿರದ ಶ್ರೀರಂಗಪಟ್ಟಣದಿಂದ ಹೈದರಾಲಿ 1763ರಲ್ಲಿ ಮಂಗಳೂರನ್ನು ಹಿಡಿದು ಅಲ್ಲಿ ಹಡಗು ಕಟ್ಟಿಸಲು ಶುರು ಮಾಡಿದ. ನೆಲದ ನಡುವಿನ ಮೈಸೂರು ರಾಜ್ಯಕ್ಕೆ ಸಮುದ್ರದ ಕಡೆಯ ಬಾಗಿಲು ಮಂಗಳೂರು. ಎರಡನೇ ಮೈಸೂರು ಯುದ್ಧ ಮುಗಿದದ್ದೂ ಇಲ್ಲೇ, 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕರಾವಳಿ ಇಂಗ್ಲಿಷರ ಕೈಗೆ ಹೋಯಿತು, ಮೈಸೂರಿನ ಆ ಬಾಗಿಲು ಮುಚ್ಚಿತು. ಮತ್ತೆ ಎರಡೂ ಕಡೆಯವರು ಒಂದೇ ರಾಜ್ಯದವರು ಅನಿಸಿಕೊಂಡದ್ದು 1956ರ ನವೆಂಬರ್ 1ಕ್ಕೆ. ನೂರೈವತ್ತು ವರ್ಷಕ್ಕೂ ಮಿಕ್ಕಿದ ಈ ಅಗಲಿಕೆಯ ಗುರುತು ಇವತ್ತಿಗೂ ಮಾತಿನಲ್ಲಿದೆ. ನಾವು 'ಇದೆ' ಅನ್ನುತ್ತೇವೆ, ನೀವು 'ಉಂಟು' ಅನ್ನುತ್ತೀರಿ.

ಚೀಲ ಕಂಡರೆ ರೂಮಿಲ್ಲ

ಮಂಗಳೂರು ತಲುಪಿದಾಗ ಮಧ್ಯಾಹ್ನ. ಮೊದಲು ಹೊಕ್ಕ ಲಾಡ್ಜಿನಲ್ಲಿ ನಮ್ಮಿಬ್ಬರನ್ನು, ಬೆನ್ನ ಮೇಲಿನ ಚೀಲಗಳನ್ನು ಮೇಲಿಂದ ಕೆಳಗೆ ನೋಡಿ ಮದುವೆ ಸರ್ಟಿಫಿಕೇಟ್ ಕೇಳಿದರು. ಇಬ್ಬರ ಆಧಾರ್‌ನಲ್ಲೂ ಒಂದೇ ಮನೆ ವಿಳಾಸ ಇದೆ, ತಲೆಗೂದಲು ಇಬ್ಬರದ್ದೂ ನರೆತಿದೆ ಅಂದರೂ ಕೇಳಲಿಲ್ಲ. 'ರೂಮ್ ಖಾಲಿ ಇಲ್ಲ' ಅಂದರು. ಎರಡನೇ ಕಡೆ ಆಧಾರ್ ನೋಡಿ, ಜೆರಾಕ್ಸ್ ಇಟ್ಟುಕೊಂಡು, 'ಆಸ್ಪತ್ರೆಗಾ?' ಅಂತ ಕೇಳಿ ಕೀ ಕೊಟ್ಟರು. ಸೂಟ್‌ಕೇಸ್ ಹಿಡಿದು ಆಟೋದಲ್ಲಿ ಬಂದಿದ್ದರೆ ಈ ಪ್ರಶ್ನೆಗಳು ಬರುತ್ತಿರಲಿಲ್ಲ ಅನಿಸುತ್ತದೆ. ಚೀಲ ಹೊತ್ತು ಬರುವ ಜೋಡಿ ಅಂದರೆ ಓಡಿಬಂದವರೇ ಇರಬೇಕು ಅನ್ನುವ ಗುಮಾನಿ ಮಂಗಳೂರಿಗೆ ಮಾತ್ರ ಸೇರಿದ್ದಲ್ಲ, ಮೈಸೂರಿನಲ್ಲೂ ಇದೆ. ಮದುವೆ ನೋಂದಣಿ ಪತ್ರದ ಒಂದು ಪ್ರತಿ ಚೀಲದ ತಳದಲ್ಲಿ ಇಟ್ಟುಕೊಂಡರೆ ಒಳ್ಳೆಯದು ಅಂತ ಇದನ್ನು ಬರೆದೆವು.

ಗುಡ್ಡೆ, ಪದವು, ಬೈಲು

ಊರಿನ ಹೆಸರುಗಳನ್ನು ಓದುತ್ತ ನಡೆದರೆ ಮಂಗಳೂರಿನ ನಕ್ಷೆ ತಾನಾಗಿ ತಲೆಯಲ್ಲಿ ಕೂರುತ್ತದೆ. ಬಾವುಟಗುಡ್ಡೆ, ಮಣ್ಣಗುಡ್ಡ ಅಂದರೆ ಏರು. ಪದವಿನಂಗಡಿ ಅಂದರೆ ಏರಿದ ಮೇಲಿನ ಚಪ್ಪಟೆ ನೆಲ, ಪದವು. ಕೊಡಿಯಾಲಬೈಲು ಅಂದರೆ ಎರಡು ಗುಡ್ಡದ ನಡುವಿನ ತಗ್ಗು, ಒಂದು ಕಾಲಕ್ಕೆ ಗದ್ದೆ ಇದ್ದ ಜಾಗ. ಎಲ್ಲ ಮುರಕಲ್ಲಿನ ನೆಲ. ಕಡಿಯುವಾಗ ಮೆತ್ತಗೆ, ಗಾಳಿಗೆ ಒಡ್ಡಿದರೆ ಗಟ್ಟಿ. ಈ ಕಲ್ಲಿಗೆ 'ಲ್ಯಾಟರೈಟ್' ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ 1807ರಲ್ಲಿ ಪುಸ್ತಕ ಪ್ರಕಟಿಸಿದವನು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಾಗ ಇದು. ಮೈಸೂರು ಕಡೆಗೆ ಬೀಳುವುದು ಸುಮಾರು 800. ಈ ಪಾಟಿ ನೀರು ಸಾವಿರಾರು ವರ್ಷ ಕೊರೆದು ಪದವನ್ನು ಗುಡ್ಡೆ-ಬೈಲುಗಳಾಗಿ ತುಂಡು ಮಾಡಿದೆ. ನಮ್ಮ ಮೊಣಕಾಲು ನೋವಿಗೆ ಇದೇ ಕಾರಣ.

ಮೊದಲ ದಿನದ ಸಂಜೆ ಬಲ್ಮಠದಿಂದ ಬಾವುಟಗುಡ್ಡೆಗೆ ಏರಿದೆವು. ಬಲ್ಮಠ ಕನ್ನಡ ಓದುವವರೆಲ್ಲ ಒಮ್ಮೆ ನೋಡಬೇಕಾದ ಗುಡ್ಡ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರ ಕೆಲಸ ಬೆಳೆದದ್ದು ಈ ಭಾಗದಲ್ಲಿ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರತಂದರು, ಕನ್ನಡದ ಮೊದಲ ಪತ್ರಿಕೆ. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದೂ ಬಾಸೆಲ್ ಮಿಶನ್ ಮುದ್ರಣಾಲಯದಲ್ಲೇ. ಈಗ ನಿಮ್ಮ ಕೈಯಲ್ಲಿರುವ ಪತ್ರಿಕೆಗೆ ಈ ಗುಡ್ಡ ಒಂಥರ ಅಜ್ಜನ ಮನೆ. ಅದೇ ಮಿಶನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿತು. ಬನ್ನೂರಿನಲ್ಲಿ ನಮ್ಮ ಅಜ್ಜಿ ಮನೆಯ ಹೆಂಚಿನ ಹಿಂಬದಿ ಇಂಗ್ಲಿಷ್ ಅಕ್ಷರದಲ್ಲಿ ಮಂಗಳೂರಿನ ಹೆಸರು ಒತ್ತಿದ್ದು ಇಬ್ಬರಿಗೂ ನೆನಪಾಯಿತು. ನಾವು ಮಂಗಳೂರಿಗೆ ಬರುವ ಎಷ್ಟೋ ಮೊದಲೇ ಮಂಗಳೂರು ನಮ್ಮ ತಲೆ ಮೇಲೆ ಬಂದು ಕೂತಿತ್ತು.

ಬಾವುಟಗುಡ್ಡೆಯ ಮೇಲೆ ನಿಂತರೆ ಪಶ್ಚಿಮಕ್ಕೆ ತೆಂಗಿನ ತಲೆಗಳಾಚೆ ಸಮುದ್ರ. 1837ರ ಏಪ್ರಿಲ್ 5ರಂದು ಸುಳ್ಯ ಕಡೆಯಿಂದ ಬಂದ ರೈತರ ದಂಡು ಇಲ್ಲಿ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿತು. 13 ದಿನ ಊರು ಅವರ ಕೈಯಲ್ಲಿತ್ತು. ಆ ದಂಡಿನ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು 2022ರಲ್ಲಿ ಇಲ್ಲಿ ನಿಲ್ಲಿಸಿದ್ದಾರೆ. ನಾವು ಎಸಿ ಇಲ್ಲದ ಬಸ್ಸಿನಲ್ಲಿ ಸುಳ್ಯದಿಂದ ಬಂದದ್ದಕ್ಕೆ ಸುಸ್ತಾಗಿದ್ದೆವು. ಅವರು ನಡೆದೇ ಬಂದಿದ್ದರು. ಪಕ್ಕದಲ್ಲೇ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯ ಆಂಟೋನಿಯೋ ಮೊಸ್ಕೇನಿ ಅನ್ನುವ ಜೆಸ್ವಿಟ್ ಬ್ರದರ್ ಸುಮಾರು 1900ರ ಹೊತ್ತಿಗೆ ಗೋಡೆ, ಚಾವಣಿ ಒಂದನ್ನೂ ಬಿಡದೆ ಚಿತ್ರ ಬರೆದ ಜಾಗ. ಕತ್ತು ಎತ್ತಿ ನೋಡಿ ನೋಡಿ ಮೊಣಕಾಲಿನ ಜೊತೆಗೆ ಕತ್ತೂ ಹಿಡಿದುಕೊಂಡಿತು.

ಬಂದರು: ಜಗಳ ಹಳೆಯದು, ರಾಜಿಯೂ ಹಳೆಯದು

ಎರಡನೇ ದಿನ ಬೆಳಗಿನ ಐದೂವರೆಗೆ ಧಕ್ಕೆಯಲ್ಲಿದ್ದೆವು. ಹಂಪನಕಟ್ಟೆಯಿಂದ ಸ್ಟೇಟ್ ಬ್ಯಾಂಕ್, ಅಲ್ಲಿಂದ ಬಂದರ್ ತನಕ ಪೂರ್ತಿ ಇಳಿಜಾರು, ಹೋಗುವಾಗ ಸುಖ. ಟ್ರಾಲ್ ಬೋಟುಗಳು ಸಾಲುಗಟ್ಟಿ ನಿಂತಿದ್ದವು. ಬೂತಾಯಿ, ಬಂಗುಡೆ, ಅಂಜಲ್, ಮಾಂಜಿ. ಕಾವೇರಿಯ ಕಾಟ್ಲಾ, ರೋಹು ತಿಂದು ಬೆಳೆದ ನಮಗೆ ಅರ್ಧ ಮೀನಿನ ಹೆಸರು ಗೊತ್ತಿಲ್ಲ. ಏಲಂ ಕೂಗುವವರ ನಡುವೆ ಬುಟ್ಟಿ ಹಿಡಿದು ನಿಂತಿದ್ದ ಒಬ್ಬ ಹೆಂಗಸು ನಮ್ಮ ಚೀಲಗಳನ್ನು ನೋಡಿ, 'ಎಂತ ಮಾರಾಯ್ರೆ, ಗಂಡ-ಹೆಂಡತಿ ಮನೆ ಬಿಟ್ಟು ಬಂದದ್ದಾ?' ಅಂತ ನಕ್ಕರು. ಮಗಳು ಮೀನಿನ ಕಾಲೇಜಿಗೆ ಸೇರಬೇಕಂತೆ ಅಂದೆವು. 'ಸೇರ್ಲಿ. ಮೀನು ಯಾಕೆ ಕಡಿಮೆ ಆಯ್ತು ಅಂತ ಓದಿ ಹೇಳ್ಲಿ ನಮಗೆ' ಅಂದರು. ನಾಲ್ಕು ದಿನದಲ್ಲಿ ಮಗಳ ಓದಿನ ಬಗ್ಗೆ ನಾವು ಕೇಳಿದ ಅತ್ಯಂತ ತೂಕದ ಮಾತು ಅದು.

ಹಳೆ ಬಂದರು ನೇತ್ರಾವತಿ, ಫಲ್ಗುಣಿ ಎರಡೂ ನದಿ ಸೇರುವ ಅಳಿವೆಯ ಒಳಗಿದೆ. ಅಳಿವೆ ಬಾಯಿಗೆ ಮರಳ ದಿಬ್ಬ. ದೊಡ್ಡ ಹಡಗು ಒಳಗೆ ಬರಲಾಗದೆ ಹಿಂದೆ ದೂರದಲ್ಲೇ ನಿಲ್ಲುತ್ತಿತ್ತು, ಸಣ್ಣ ದೋಣಿಗಳು ಸರಕು ಸಾಗಿಸುತ್ತಿದ್ದವು. ಆ ಕೊರತೆ ನೀಗಿದ್ದು ಉತ್ತರಕ್ಕೆ ಪಣಂಬೂರಿನಲ್ಲಿ ಹೊಸ ಬಂದರು ಆದ ಮೇಲೆ. 1974ರ ಮೇ 4ರಂದು ಅದು ದೇಶದ ಒಂಬತ್ತನೇ ಪ್ರಮುಖ ಬಂದರು ಅನಿಸಿಕೊಂಡಿತು, 1975ರ ಜನವರಿ 11ರಂದು ಇಂದಿರಾ ಗಾಂಧಿ ಉದ್ಘಾಟಿಸಿದರು. ದೊಡ್ಡ ಸರಕು ಅಲ್ಲಿಗೆ ಹೋಯಿತು. ಹಳೆ ಬಂದರಿನಲ್ಲಿ ಈಗ ಮೀನು, ಮತ್ತೆ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು. ಕಲ್ಲು, ಸಿಮೆಂಟು, ತರಕಾರಿ ಏರಿಸಿಕೊಳ್ಳುವ ಮರದ ಹಡಗು ನೋಡಲು ಬನ್ನೂರಿನವರು ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು.

ಬಂದರ್ ಬೀದಿಗಳಲ್ಲಿ ಕಾಳುಮೆಣಸು, ಒಣಮೀನು, ಬೆಲ್ಲದ ವಾಸನೆ. ಜೀನತ್ ಬಕ್ಷ್ ಜುಮಾ ಮಸೀದಿ ಇರುವುದು ಇಲ್ಲೇ. ಕ್ರಿ.ಶ. 644ರಲ್ಲಿ ಕಟ್ಟಿದ್ದು ಅನ್ನುವುದು ಪ್ರತೀತಿ. ಟಿಪ್ಪು ನವೀಕರಿಸಿ ಮಗಳ ಹೆಸರಿಟ್ಟ ಅನ್ನುವುದೂ ಪ್ರತೀತಿ. ಮರದ ಕಂಬಗಳ ಕೆತ್ತನೆಗೆ ಮಾತ್ರ ಪ್ರತೀತಿ ಬೇಕಿಲ್ಲ, ಕಣ್ಣಿದ್ದರೆ ಸಾಕು.

ಇಲ್ಲಿ ಇಬ್ಬರನ್ನು ನೆನೆಯಬೇಕು. ಒಬ್ಬ ಇಬ್ನ್ ಬತೂತ. ಹದಿನಾಲ್ಕನೇ ಶತಮಾನದಲ್ಲಿ ಈ ಊರಿಗೆ ಬಂದು 'ಮಂಜರೂರ್' ಅಂತ ಕರೆದವನು. ಪರ್ಷಿಯಾದ ಫಾರ್ಸ್, ಯೆಮೆನ್ ಕಡೆಯ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆ, ಕಾಳುಮೆಣಸು, ಶುಂಠಿ ಬೇಕಾದಷ್ಟು, ಊರ ಪಕ್ಕದ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರು ಇದ್ದಾರೆ ಅಂತ ಬರೆದಿದ್ದಾನೆ. ಇನ್ನೊಂದು ಮಾತೂ ಅವನ ಬರಹದಲ್ಲಿದೆ: ಅವರಿಗೂ ಊರಿನವರಿಗೂ ಆಗಾಗ ಜಗಳ ಹತ್ತುತ್ತದೆ, ಅರಸನಿಗೆ ವ್ಯಾಪಾರಿಗಳು ಬೇಕಾದ್ದರಿಂದ ಅವನು ರಾಜಿ ಮಾಡಿಸುತ್ತಾನೆ. ಅಂದರೆ ಜಗಳ ಇವತ್ತಿನದಲ್ಲ. ರಾಜಿಯೂ ಇವತ್ತಿನದಲ್ಲ. ಬಂದರು ನಡೆಯಬೇಕಾದರೆ ಎಲ್ಲರೂ ಬೇಕು ಅನ್ನುವುದು ಏಳುನೂರು ವರ್ಷದ ಹಿಂದಿನ ಅರಸನಿಗೆ ಗೊತ್ತಿತ್ತು.

ಇನ್ನೊಬ್ಬ ಅಬ್ರಹಾಂ ಬೆನ್ ಯಿಜು. ಟ್ಯುನೀಶಿಯಾ ಕಡೆಯ ಯಹೂದಿ ವ್ಯಾಪಾರಿ, ಏಡನ್ ದಾಟಿ ಮಂಗಳೂರಿಗೆ ಬಂದು ನೆಲೆಸಿ ಅಡಿಕೆ, ಏಲಕ್ಕಿ, ಹಿತ್ತಾಳೆ ಸಾಮಾನು ಸಾಗಿಸಿದವನು. 1132ರಲ್ಲಿ ಅಶು ಅನ್ನುವ ಹೆಣ್ಣನ್ನು ದಾಸ್ಯದಿಂದ ಬಿಡಿಸಿದ ಪತ್ರ ಉಳಿದಿದೆ. ಅವಳೊಂದಿಗೆ ಸಂಸಾರ ಮಾಡಿ, ಮಕ್ಕಳಾಗಿ, ಹದಿನೇಳು ವರ್ಷ ಇಲ್ಲಿದ್ದು 1149ರಲ್ಲಿ ಏಡನ್‌ಗೆ ಹಿಂತಿರುಗಿದ. ಅವನ ಕಾಗದಗಳು ಕೈರೋದ ಹಳೆ ಸಿನಗಾಗ್ ಒಂದರಲ್ಲಿ ಸಿಕ್ಕಿ, ಅಮಿತಾವ್ ಘೋಷ್ ಅವರ 1992ರ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಪುಸ್ತಕದಿಂದ ಎಲ್ಲರಿಗೂ ತಿಳಿಯಿತು. ಅಶುವಿನ ಕಾಗದ ಒಂದೂ ಇಲ್ಲ. ಈ ಏರುಗಳನ್ನು ಅವಳೂ ಹತ್ತಿ ಇಳಿದಿರಬೇಕು, ತಲೆ ಮೇಲೆ ಏನಾದರೂ ಹೊತ್ತು. ಒಂದು ಬಂದರಿನ ಚರಿತ್ರೆಯಲ್ಲಿ ಗಂಡನ ಲೆಕ್ಕಪತ್ರ ಒಂಬೈನೂರು ವರ್ಷ ಉಳಿಯುತ್ತದೆ, ಹೆಂಡತಿಯದು ಹೆಸರು ಮಾತ್ರ. ನಮ್ಮಿಬ್ಬರಲ್ಲಿ ಹೆಂಗಸಿಗೆ ಈ ಕತೆ ಬಹಳ ಹೊತ್ತು ತಲೆಯಲ್ಲಿ ಕೊರೆಯಿತು. ಈ ಲೇಖನದ ಟಿಪ್ಪಣಿಗಳನ್ನು ಅವತ್ತು ರಾತ್ರಿಯಿಂದ ಬರೆಯತೊಡಗಿದ್ದು ಅವರೇ.

ನಮಗೂ ನಿಮಗೂ ನಡುವೆ ಕನ್ನಡ

ನಮ್ಮ ಮನೆ ಮಾತು ದಖನಿ ಉರ್ದು. ಬಂದರಿನ ಹೋಟೆಲಿನಲ್ಲಿ ಪಕ್ಕದ ಮೇಜಿನವರು ಆಡುತ್ತಿದ್ದ ಬ್ಯಾರಿ ಭಾಷೆ ಒಂದಕ್ಷರ ಅರ್ಥವಾಗಲಿಲ್ಲ. ಮಲಯಾಳ ಅನಿಸುತ್ತದೆ, ಅಲ್ಲ. ತುಳು ಅನಿಸುತ್ತದೆ, ಅದೂ ಅಲ್ಲ. ನಡುವೆ ಅರಬಿ ಶಬ್ದ ಬಂದಾಗ ಮಾತ್ರ ಕಿವಿ ನಿಮಿರುತ್ತಿತ್ತು. ನಮ್ಮ ಉರ್ದು ಅವರಿಗೂ ಅಷ್ಟಕ್ಕಷ್ಟೇ. ಕೊನೆಗೆ ಮಾತು ಕುದುರಿದ್ದು ಕನ್ನಡದಲ್ಲಿ. ಒಂದೇ ರಾಜ್ಯದ ಎರಡು ಮುಸ್ಲಿಂ ಮನೆತನದವರು ಕಷ್ಟ-ಸುಖ ಹೇಳಿಕೊಳ್ಳಲು ಕನ್ನಡ ಬೇಕಾಯಿತು ಅನ್ನುವುದು ಹೊರಗಿನವರಿಗೆ ಆಶ್ಚರ್ಯ ಅನಿಸಬಹುದು. ಮುಸ್ಲಿಮರು ಅಂದರೆ ಉರ್ದು ಅಂತ ತಿಳಿದಿರುವವರು ಒಂದು ದಿನ ಬಂದರಿನಲ್ಲಿ ಚಹಾ ಕುಡಿಯಬೇಕು. ಬ್ಯಾರಿಗಳಿಗೆ ತಮ್ಮ ಭಾಷೆಯ ಸಾಹಿತ್ಯ ಅಕಾಡೆಮಿ 2007ರಿಂದ ಇದೆ. 2011ರ 'ಬ್ಯಾರಿ' ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ನಮಗೆ ಗೊತ್ತಿತ್ತು. ಆದರೆ ಆ ಮಾತು ಕಿವಿಗೆ ಬಿದ್ದದ್ದು ಇದೇ ಮೊದಲು.

ಊರಿಗೆ ಎಷ್ಟು ಹೆಸರು! ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ, ಮಲಯಾಳದಲ್ಲಿ ಮಂಗಲಾಪುರಂ. ಒಂದೇ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ನಾಲ್ಕು ಜನರಿಗೆ ನಾಲ್ಕು ಭಾಷೆಯಲ್ಲಿ ಚಿಲ್ಲರೆ ಕೇಳಿದ್ದನ್ನು ಕಂಡೆವು. ಟಿವಿಯಲ್ಲಿ ಇದನ್ನು ಯಾರೂ ತೋರಿಸಿರಲಿಲ್ಲ.

ಊಟದ ಮಾತು ಚುಟುಕಾಗಿ. ಅಕ್ಕಿ ಪತ್ತಿರ್ ಜೊತೆ ಕೋಳಿ ಸಾರು, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಫ್ರೈ, ಸಂಜೆ ಗೋಳಿಬಜೆ. ಏರು ಹತ್ತಿ ಬಂದ ಮೇಲೆ ಎತ್ತರದ ಗಾಜಿನ ಲೋಟದಲ್ಲಿ ಗಡ್‌ಬಡ್ ಐಸ್‌ಕ್ರೀಂ. ಇಬ್ಬರಿಗೆ ಒಂದು ಸಾಕು, ಎರಡು ಚಮಚ ಕೇಳಿ. ಮಟನ್ ವಿಷಯದಲ್ಲಿ ಮಾತ್ರ ಬನ್ನೂರಿನವರು ಯಾರಿಗೂ ಬಗ್ಗುವುದಿಲ್ಲ.

ಬತ್ತೇರಿಯಿಂದ ತಣ್ಣೀರುಬಾವಿಗೆ

ಮೂರನೇ ದಿನ ಬೋಳೂರಿನ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು. ನದಿಗೆ ಶತ್ರು ಹಡಗು ನುಗ್ಗದಂತೆ ಕಾಯಲು ಕಟ್ಟಿದ್ದು. ಶ್ರೀರಂಗಪಟ್ಟಣದ ಕೋಟೆ ನೋಡಿದ ನಮಗೆ ಇದು ಮಗುವಿನಂತೆ ಕಂಡಿತು. ಮೇಲೆ ಹತ್ತಿ ಕಿಂಡಿಯಲ್ಲಿ ಕಣ್ಣಿಟ್ಟರೆ ಮಾತ್ರ ಯಾಕೆ ಇಲ್ಲೇ ಕಟ್ಟಿದ ಅಂತ ತಿಳಿಯುತ್ತದೆ, ನದಿ ಅಂಗೈಯಲ್ಲಿದ್ದ ಹಾಗೆ. ಅಲ್ಲಿಂದ ದೋಣಿ ಹತ್ತಿ ಫಲ್ಗುಣಿ ದಾಟಿದರೆ ತಣ್ಣೀರುಬಾವಿ ಕಡಲ ತೀರ. ಅಲ್ಲಿಂದ ಪಣಂಬೂರಿನ ಸರದಿಗೆ ಕಾದು ನಿಂತ ಹಡಗುಗಳು ಕಾಣುತ್ತವೆ.

ತಣ್ಣೀರುಬಾವಿಯಿಂದ ಕೂಳೂರಿಗೆ ಬರುವ ದಾರಿಯಲ್ಲಿ ನದಿ ಬದಿಗೆ ಒಂದು ಸ್ಮಾರಕ ಇದೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಗುಡ್ಡದ ತುದಿಯ ರನ್‌ವೇ ದಾಟಿ ಬಿದ್ದು 158 ಜನ ಹೋದರು, ಉಳಿದವರು ಎಂಟೇ. ಈ ಪುಟದ ಓದುಗರಲ್ಲಿ ಆ ದಿನ ತಮ್ಮವರನ್ನು ಕಳೆದುಕೊಂಡವರು ಇರಬಹುದು. ಗುಡ್ಡದ ಊರಿಗೆ ಗುಡ್ಡದ ಮೇಲೆಯೇ ವಿಮಾನ ಇಳಿಯಬೇಕು. ಕಡಲ ಊರಿನ ಮಕ್ಕಳು ದುಡಿಮೆಗೆ ಕಡಲಾಚೆ ಹೋಗಲೇಬೇಕು. ಅಲ್ಲಿ ನಾವಿಬ್ಬರೂ ಮಾತಾಡಲಿಲ್ಲ.

ಇಷ್ಟು ನಡೆದ ಮೇಲೆ ಹೇಳಲೇಬೇಕಾದ ಒಂದು ವಿಷಯ. ನಮ್ಮಲ್ಲಿ ಗಂಡಸಿಗೆ ದಣಿದಾಗ ಮುಖ ತೊಳೆದು, ನಮಾಜು ಮುಗಿಸಿ, ಐದು ನಿಮಿಷ ಕಾಲು ಚಾಚಲು ಪ್ರತಿ ತಿರುವಿನಲ್ಲೂ ಒಂದು ಜಾಗ ಸಿಗುತ್ತಿತ್ತು. ಹೆಂಗಸಿಗೆ ಸಿಗುತ್ತಿದ್ದದ್ದು ಕಡಿಮೆ. ಒಂದು ಕಡೆ ಗೇಟಿನ ಹೊರಗೆ ಚೀಲಗಳ ಮೇಲೆ ಕೂತು ಇಪ್ಪತ್ತು ನಿಮಿಷ ಕಾಯಬೇಕಾಯಿತು. ಪೇಟೆಯಲ್ಲಿ ಶುಚಿಯಾದ ಶೌಚಾಲಯ ಹುಡುಕಿ ಎರಡು ಏರು ಹತ್ತಬೇಕಾಯಿತು. ಹೆಣ್ಣುಮಕ್ಕಳು ಪ್ರಯಾಣ ಮಾಡುವುದಿಲ್ಲ ಅಂತಲೇ ಊರುಗಳನ್ನು ಕಟ್ಟಿದ್ದಾರೆ. ಬನ್ನೂರಿನಲ್ಲೂ ಹಾಗೆಯೇ. ಈಗ ಅವರು ಬಸ್ಸಿಗೆ ದುಡ್ಡಿಲ್ಲದೆ ರಾಜ್ಯವೆಲ್ಲ ಓಡಾಡುತ್ತಿದ್ದಾರೆ. ಒಂದು ಕೋಣೆ, ಒಂದು ನಲ್ಲಿ, ಒಂದು ಬಾಗಿಲು. ಬಂದರಿನ ದೊಡ್ಡ ಮನಸ್ಸಿನ ವರ್ತಕರಿಗೆ ಇದು ಭಾರದ ಕೆಲಸವಲ್ಲ.

ಎಕ್ಕೂರಿನಲ್ಲಿ ಒಂದು ಬೆಳಗ್ಗೆ

ನಾಲ್ಕನೇ ದಿನ ಬಂದ ಕೆಲಸಕ್ಕೆ ಕೈ ಹಾಕಿದೆವು. ನೇತ್ರಾವತಿ ಸೇತುವೆ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಎಕ್ಕೂರು, ಅಲ್ಲಿ ಮೀನುಗಾರಿಕೆ ಕಾಲೇಜು. 1969ರಲ್ಲಿ ಶುರುವಾದದ್ದು, ದೇಶದಲ್ಲೇ ಈ ಬಗೆಯ ಮೊದಲ ಕಾಲೇಜು. ಬಿ.ಎಫ್.ಎಸ್ಸಿ. ನಾಲ್ಕು ವರ್ಷದ ಓದು. ಸಮುದ್ರದ ಮೀನು ಮಾತ್ರ ಅಲ್ಲ, ಕೆರೆ-ಕಟ್ಟೆಯಲ್ಲಿ ಮೀನು ಸಾಕುವುದು, ರೋಗ, ಮೀನಿನ ಸಂಸ್ಕರಣೆ ಎಲ್ಲ ಇದೆ. ನಾಲೆ, ಕೆರೆ ಇರುವ ಬನ್ನೂರಿಗೆ ಇದಕ್ಕಿಂತ ಬೇಕಾದ ಓದು ಯಾವುದು ಅಂತ ನಮ್ಮಲ್ಲಿ ಗಂಡಸಿಗೆ ಆಗ ತಲೆಗೆ ಹೋಯಿತು.

ಗೇಟಿನ ಹತ್ತಿರ ಹುಡುಗಿಯರ ಗುಂಪೊಂದು ಬಸ್ಸಿಗೆ ಕಾಯುತ್ತಿತ್ತು. ಬಿಜಾಪುರದವಳು ಒಬ್ಬಳು, ಕೋಲಾರದವಳು ಒಬ್ಬಳು. ಸಮುದ್ರ ಕಂಡದ್ದೇ ಇಲ್ಲಿಗೆ ಬಂದ ಮೇಲೆ ಅಂದರು. ನಮ್ಮ ಪ್ರಶ್ನೆಯನ್ನು ಹಾಗೇ ಕೇಳಿದೆವು: ಭಯ ಆಗೋದಿಲ್ವಾ? ಕೋಲಾರದವಳು ಯೋಚಿಸಿ ಹೇಳಿದಳು: 'ಊರಲ್ಲಿ ಗಲಾಟೆ ಅಂತ ಸುದ್ದಿ ಬಂದ ದಿನ ಅಮ್ಮ ಹತ್ತು ಸಲ ಫೋನ್ ಮಾಡ್ತಾರೆ ಆಂಟಿ. ಆ ದಿನ ನಾವು ಹೊರಗೆ ಹೋಗಲ್ಲ. ಉಳಿದ ದಿನ ಕ್ಲಾಸು, ಬಸ್ಸು, ಮೆಸ್ಸು. ಮಳೆಗಾಲ ಮಾತ್ರ ಕಷ್ಟ, ಬಟ್ಟೆ ಒಣಗಲ್ಲ.'

ಅಂಜಿಕೆ ಏನೂ ಇಲ್ಲ ಅಂದಿದ್ದರೆ ನಂಬುತ್ತಿರಲಿಲ್ಲ. ಇದನ್ನು ನಂಬಿದೆವು. ನಾಲ್ಕು ದಿನದಲ್ಲಿ ತಲೆಗೆ ದುಪಟ್ಟ ಹೊದ್ದ ಹೆಂಡತಿ, ಗಡ್ಡದ ಗಂಡ ಎಲ್ಲ ಜಾತಿ-ಮತದ ಬೀದಿಗಳಲ್ಲಿ ಅಡ್ಡಾಡಿದೆವು. ಯಾರೂ ತಡೆದು ನಿಲ್ಲಿಸಲಿಲ್ಲ. ಕದ್ರಿ ಗುಡ್ಡದ ದಾರಿ ತಪ್ಪಿದಾಗ ಹೂವಿನ ಅಂಗಡಿಯವರು ಅರ್ಧ ದಾರಿ ಜೊತೆಗೆ ಬಂದು ತೋರಿಸಿದರು. ನಾಲ್ಕು ದಿನ ಒಳ್ಳೆಯದಾಯಿತು ಅಂತ ಊರಿಗೆ ಸರ್ಟಿಫಿಕೇಟ್ ಕೊಡಲು ಆಗುವುದಿಲ್ಲ. ಪೇಪರಿನಲ್ಲಿ ಬಂದದ್ದೂ ನಡೆದದ್ದೇ. ಆದರೆ ಒಂದು ಊರನ್ನು ಅದರ ಕೆಟ್ಟ ದಿನಗಳಿಂದ ಮಾತ್ರ ಅಳೆದು ಮಗಳ ನಾಲ್ಕು ವರ್ಷ ತೀರ್ಮಾನ ಮಾಡುವುದು ನ್ಯಾಯ ಅಲ್ಲ ಅನ್ನುವುದರಲ್ಲಿ ನಮಗೆ ಅನುಮಾನ ಉಳಿದಿಲ್ಲ. ಸೀಟು ಸಿಗುವುದು ಅವಳ ರ‍್ಯಾಂಕಿಗೆ ಬಿಟ್ಟದ್ದು. ಆಪ್ಷನ್ ಪಟ್ಟಿಯಲ್ಲಿ ಎಕ್ಕೂರನ್ನು ಮೊದಲು ಬರೆಯಲು ಮನೆಯಲ್ಲಿ ಒಪ್ಪಿಗೆ ಆಗಿದೆ. ಹಿರಿಯರ ಒಂದೇ ಷರತ್ತು, ಗಲಾಟೆ ದಿನ ಹತ್ತು ಸಲ ಫೋನ್.

ಜೋಡಿಯಾಗಿ ಹೊರಡುವವರಿಗೆ

ಒಬ್ಬೊಬ್ಬರ ಚೀಲ ಐದು ಕಿಲೋ ಮೀರಬಾರದು. ಬಯಲಿನಲ್ಲಿ ಏಳೂ ಹಗುರ, ಬಾವುಟಗುಡ್ಡೆಯಲ್ಲಿ ಐದೂ ಭಾರ. ಚಪ್ಪಲಿ ಬಿಟ್ಟು ಹಿಡಿತ ಇರುವ ಶೂ ಹಾಕಿ, ಮುರಕಲ್ಲಿನ ಮೆಟ್ಟಿಲು ಪಾಚಿ ಹಿಡಿದಿದ್ದರೆ ಜಾರುತ್ತದೆ. ಬೆಳಗ್ಗೆ ಒಂಬತ್ತರ ಒಳಗೆ ಏರು, ಮಧ್ಯಾಹ್ನ ಬಸ್ಸು, ಸಂಜೆ ಕಡಲು. ಡಿಸೆಂಬರಿನಲ್ಲೂ ಬೆವರು ಸುರಿಯುತ್ತದೆ, ಹತ್ತಿ ಬಟ್ಟೆ, ನೀರು ಇರಲಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಆಗ ಧಕ್ಕೆ ನೋಡಲು ಬಂದು ಪ್ರಯೋಜನವಿಲ್ಲ. ನಾಲ್ಕು ಹಗಲು, ಮೂರು ರಾತ್ರಿಗೆ ಇಬ್ಬರಿಂದಲೂ ಸೇರಿ ನಮಗೆ 6,000 ರೂಪಾಯಿಯ ಒಳಗೇ ಮುಗಿಯಿತು.

ಮತ್ತೆ ಒಂದು ಮಾತು. ಇಪ್ಪತ್ತೊಂದು ವರ್ಷದಲ್ಲಿ ನಾವಿಬ್ಬರೂ ಮಕ್ಕಳು, ಅಂಗಡಿ, ಸಾಲ ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ. ಏರು ಹತ್ತುವಾಗ ಉಸಿರು ಸಾಲದೆ ಸುಮ್ಮನಿರಬೇಕು, ಇಳಿಯುವಾಗ ಮಾತು ತಾನಾಗಿ ಬರುತ್ತದೆ. ಮಂಗಳೂರಿನಲ್ಲಿ ಎರಡೂ ಬೇಕಾದಷ್ಟಿವೆ. ಮಕ್ಕಳ ಮದುವೆ ಮುಗಿಯಲಿ, ಆಮೇಲೆ ನೋಡೋಣ ಅಂತ ಕೂರುವ ಜೋಡಿಗಳಿಗೆ ಹೇಳುವುದಿಷ್ಟೇ: ಆಮೇಲೆ ಅನ್ನುವ ಹೊತ್ತಿಗೆ ಮೊಣಕಾಲು ಒಪ್ಪುವುದಿಲ್ಲ.

ನೀವೂ ನಮ್ಮ ಕಡೆ ಬನ್ನಿ. ಬನ್ನೂರಿನ ಪಕ್ಕದಲ್ಲೇ ಸೋಮನಾಥಪುರ, 1258ರ ಹೊಯ್ಸಳ ದೇವಾಲಯ, 2023ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಆಚೆಗೆ ತಿ.ನರಸೀಪುರದ ಕಾವೇರಿ-ಕಪಿಲೆ ಸಂಗಮ, ತಲಕಾಡಿನ ಮರಳು. ಇಡೀ ದಿನ ನಡೆದರೂ ಏರು ಸಿಗುವುದಿಲ್ಲ. ಮಟನ್ ಊಟ ನಮ್ಮ ಲೆಕ್ಕಕ್ಕೆ.